ಬಾಸೆಲಿನ ಡಬ್ಬಿಯಲ್ಲಿ ಪೇರಳೆ

ಶನಿವಾರ ಸಂಜೆ ಬಿಸ್ಕತ್ತಿನ ಹಿಟ್ಟು ಕೂಡಿಸಿ, ಬಟ್ಟಲು ಮುಚ್ಚಿ ಬಾಲ್ಕನಿಯಲ್ಲಿ ಇಟ್ಟೆ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಡಿಸೆಂಬರ್ ಬಂತೆಂದರೆ ಬಾಲ್ಕನಿಯೇ ಇನ್ನೊಂದು ಫ್ರಿಜ್. ಮಂಗಳೂರಿನಲ್ಲಿ ಕರಿಗಡುಬಿನಂಥ ನೆವ್ರಿಯ ಹಿಟ್ಟು ಒಣಗದಿರಲಿ ಎಂದು ಅಮ್ಮ ಒದ್ದೆ ಬಟ್ಟೆ ಮುಚ್ಚುತ್ತಾರೆ. ಇಲ್ಲಿಯ ಚಿಂತೆ ಬೇರೆ, ಬೆಣ್ಣೆ ಕರಗಬಾರದು.

ನಮ್ಮದು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆಯ ಮನೆ. ಮಾತು ಕನ್ನಡ, ಪ್ರಾರ್ಥನೆ ಕನ್ನಡ. ಆದರೆ ಕ್ರಿಸ್ಮಸ್ ತಿಂಡಿಗೆ ಮಾತ್ರ ಕೊಂಕಣಿ ನೆರೆಯವರಂತೆ ನಾವೂ ಕುಸ್ವಾರ್ ಎಂದೇ ಹೇಳುವುದು. ತೆಂಗಿನಕಾಯಿ, ಎಳ್ಳು, ಏಲಕ್ಕಿ ತುಂಬಿದ ನೆವ್ರಿ, ಫೋರ್ಕಿನ ಹಿಂಬದಿಯಲ್ಲಿ ಒತ್ತಿ ಸುರುಳಿ ಮಾಡಿದ ಕಲ್‌ಕಲ್, ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡಿಸುವ ರೋಸ್ ಕುಕ್ಕಿ, ಚಕ್ಕುಲಿ. ಇವೆಲ್ಲ ಡಬ್ಬಿ ತುಂಬಿದ ಮೇಲೆ ನಿಜವಾದ ಹಬ್ಬ: ತಟ್ಟೆಗೆ ಜೋಡಿಸಿ, ಮೇಲೆ ಕ್ರೋಶಾ ಬಟ್ಟೆ ಹೊದಿಸಿ, ಮಕ್ಕಳ ಕೈಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಕಳಿಸುವುದು. ನಾನು ಹತ್ತು ವರ್ಷದವಳಿದ್ದಾಗ ಆ ತಟ್ಟೆಗಳನ್ನು ಹೊತ್ತು ಗುಡ್ಡ ಹತ್ತಿ ಇಳಿದಿದ್ದೇನೆ. ತಟ್ಟೆ ಯಾವತ್ತೂ ಖಾಲಿ ಬರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು.

ಇಲ್ಲಿ ಬಂದ ಮೊದಲ ವರ್ಷ ಯಾರಿಗೆ ಕೊಡುವುದೆಂದೇ ತಿಳಿಯಲಿಲ್ಲ. ಆರು ಮನೆಗಳ ಕಟ್ಟಡ, ಮೆಟ್ಟಿಲಲ್ಲಿ ಎದುರಾದರೆ ನಮಸ್ಕಾರ, ಅಷ್ಟೇ. ಏಷ್ಯಾದ ಅಂಗಡಿಯಿಂದ ತುರಿದು ಹೆಪ್ಪುಗಟ್ಟಿಸಿದ ಕಾಯಿ ತಂದು, ಕಿಟಕಿ ತೆರೆದಿಟ್ಟು ನೆವ್ರಿ ಕರಿದೆ. ಒಬ್ಬಳೇ ತಿನ್ನಲು ಮನಸ್ಸು ಬರಲಿಲ್ಲ. ತಟ್ಟೆ ಹಿಡಿದು ಕೆಳಮನೆಯ ಅಜ್ಜಿಯ ಕರೆಗಂಟೆ ಒತ್ತಿದೆ. ಅವರಿಗೆ ಆಗಲೇ ಎಂಬತ್ತರ ಹತ್ತಿರ. ತಟ್ಟೆ ತೆಗೆದುಕೊಂಡು, ಒಂದೊಂದನ್ನೂ ತೋರಿಸಿ ಹೆಸರು ಕೇಳಿದರು. ಎರಡು ದಿನ ಬಿಟ್ಟು ಮೇಲೆ ಬಂದು ತಟ್ಟೆ ಹಿಂದಿರುಗಿಸಿದರು. ಅದು ತುಂಬಿತ್ತು. ಬಾದಾಮಿ, ಚಾಕಲೇಟು, ಚಕ್ಕೆ, ಲವಂಗದ ಬ್ರುನ್ಸ್ಲಿ ಎಂಬ ಬಿಸ್ಕತ್ತು ಒಂದು ಸಾಲು, ನಡುವೆ ಕೆಂಪು ಜಾಮ್ ಇಣುಕುವ ಬಿಸ್ಕತ್ತು ಇನ್ನೊಂದು ಸಾಲು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅವರಿಗೆ ಯಾಕೆಂದು ಹೇಳಲು ಆಗ ನನ್ನ ಜರ್ಮನ್ ಸಾಲಲಿಲ್ಲ.

ಆ ಜಾಮ್ ಬಿಸ್ಕತ್ತಿಗೆ ಇಲ್ಲಿ ಶ್ಪಿಟ್ಸ್‌ಬೂಬೆನ್ ಎನ್ನುತ್ತಾರೆ. ಪೋಕರಿ ಹುಡುಗರು ಎಂದರ್ಥ. ಮರುವರ್ಷ ಅಜ್ಜಿ ನನ್ನನ್ನು ತಮ್ಮ ಅಡುಗೆಮನೆಗೆ ಕರೆದು ಕಲಿಸಿದರು. 250 ಗ್ರಾಂ ಬೆಣ್ಣೆಗೆ 125 ಗ್ರಾಂ ಪುಡಿ ಸಕ್ಕರೆ, ಸ್ವಲ್ಪ ವೆನಿಲ್ಲಾ ಸಕ್ಕರೆ, ಚಿಟಿಕೆ ಉಪ್ಪು, ಒಂದು ಮೊಟ್ಟೆಯ ಬಿಳಿ ಭಾಗ, 350 ಗ್ರಾಂ ಮೈದಾ. ಮೈದಾ ಹಾಕಿದ ಮೇಲೆ ಚಪಾತಿ ಹಿಟ್ಟಿನಂತೆ ನಾದಲೇಬಾರದು, ಕೂಡಿಸಿದರೆ ಸಾಕು. ನಾದಿದಷ್ಟೂ ಹಿಟ್ಟಿಗೆ ಜಿಗುಟು ಬರುತ್ತದೆ, ಬಿಸ್ಕತ್ತು ಬಾಯಲ್ಲಿ ಕರಗುವುದಿಲ್ಲ. ನಾದಿ ಪಳಗಿದ ನನ್ನ ಕೈಗೆ ಇದನ್ನು ಕಲಿಯಲು ಎರಡು ಚಳಿಗಾಲ ಬೇಕಾಯಿತು. ಚಳಿಗೆ ಒಂದು ಗಂಟೆ ಇಟ್ಟು, ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅರ್ಧದಷ್ಟನ್ನು ಹಾಗೇ ಕತ್ತರಿಸಿ, ಉಳಿದರ್ಧಕ್ಕೆ ನಡುವೆ ತೂತು ತೆಗೆದು, 200 ಡಿಗ್ರಿಯ ಓವನ್ನಿನಲ್ಲಿ ಆರು ನಿಮಿಷ. ಬಣ್ಣ ಬರುವ ಮುಂಚೆಯೇ ತೆಗೆಯಬೇಕು. ತೂತಿನ ಬಿಲ್ಲೆಗಳ ಮೇಲೆ ಮೊದಲೇ ಪುಡಿ ಸಕ್ಕರೆ ಉದುರಿಸಿ, ಆಮೇಲೆ ಜಾಮ್ ಸವರಿದ ಬಿಲ್ಲೆಯ ಮೇಲೆ ಕೂರಿಸುವುದು. ಮಾಡಿದ ದಿನ ತಿಂದರೆ ಗರಿಗರಿ, ಅಷ್ಟೇ. ಮೂರನೆಯ ದಿನ ಜಾಮಿನ ತೇವ ಒಳಗಿಳಿದು ಮೆತ್ತಗಾಗುತ್ತದೆ ನೋಡಿ, ಅದು ರುಚಿ. ಎಣ್ಣೆಯಲ್ಲಿ ಕರಿದ ಕುಸ್ವಾರಿಗೆ ತೇವವೇ ಶತ್ರು. ಇದಕ್ಕೆ ತೇವ ಬೇಕು.

ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆ ಬಾಗಿಲಿನ ಆಚೆ, ಬಾಸೆಲ್ ಮಿಶನ್ನಿನ ಮನೆ ಇದೆ. ಆ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನನ್ನ ಮುತ್ತಜ್ಜ ಅವರ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಿಟ್ಟೆಲ್ ಓದಿ ಹೊರಟದ್ದು ಈ ಊರಿನಿಂದಲೇ. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇದೆಲ್ಲ ಶಾಲೆಯಲ್ಲಿ ಓದಿದ್ದೆ. ಆದರೆ ಇಲ್ಲಿಯ ಒಂದು ಚರ್ಚಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಭಾನುವಾರ, ಆರ್ಗನ್ ಶುರುವಾದ ಕ್ಷಣ ನನ್ನ ಬಾಯಲ್ಲಿ ಕನ್ನಡದ ಮಾತುಗಳು ತಾವಾಗಿ ಬಂದವು. ಊರಿನ ಸಭೆಯಲ್ಲಿ ಅಜ್ಜ ಕಣ್ಣು ಮುಚ್ಚಿ ಹಾಡುತ್ತಿದ್ದ ಗೀತೆಯ ರಾಗ ಅದು. ಅದು ನಮ್ಮ ಸಭೆಯದೇ ರಾಗ ಎಂದುಕೊಂಡು ಬೆಳೆದಿದ್ದೆ. ಪಕ್ಕದಲ್ಲಿ ಅಜ್ಜಿ ಜರ್ಮನ್‌ನಲ್ಲಿ ಹಾಡಿದರು, ನಾನು ಕನ್ನಡದಲ್ಲೇ ಮುಗಿಸಿದೆ.

ಹೋದ ವರ್ಷ ಪರಿಚಯದವರೊಬ್ಬರು ಊರಿಗೆ ಹೊರಟಾಗ ಅಜ್ಜಿ ತಮ್ಮ ತಗಡಿನ ಡಬ್ಬಿಯೊಂದನ್ನು ಕೊಟ್ಟು, "ನಿನ್ನ ಅಮ್ಮನಿಗೆ" ಎಂದರು. ಬೆಣ್ಣೆ ಕಾಗದದ ಪದರಗಳ ನಡುವೆ ಶ್ಪಿಟ್ಸ್‌ಬೂಬೆನ್ ಮಂಗಳೂರು ಸೇರಿ, ಅಮ್ಮನ ಕುಸ್ವಾರ್ ತಟ್ಟೆಯಲ್ಲಿ ನೆವ್ರಿಯ ಪಕ್ಕ ಕೂತವು. ಅಮ್ಮ ಫೋನಿನಲ್ಲಿ, "ಭಾರಿ ಲಾಯ್ಕ ಉಂಟು ಮಗಳೇ. ಆದ್ರೆ ಆ ಡಬ್ಬಿ ಖಾಲಿ ಹೇಗೆ ಕಳಿಸುವುದು ಮಾರಾಯ್ತಿ?" ಎಂದರು.

ಈ ನವೆಂಬರಿನಲ್ಲಿ ಡಬ್ಬಿ ಹಿಂದಿರುಗಿತು, ತುಂಬಾ ಪೇರಳೆ ಹಲ್ವ. ಹಿತ್ತಲಿನ ಮರದ ಹಣ್ಣು. ಬೇಯಿಸಿ, ಬೀಜ ಸೋಸಿ, ಸಕ್ಕರೆ ಹಾಕಿ, ಪಾತ್ರೆಯ ತಳ ಬಿಡುವವರೆಗೆ ಕೈ ಬಿಡದೆ ತಿರುವಿ, ಕೊನೆಗೆ ಲಿಂಬೆ ರಸ ಹಿಂಡಿದ್ದು. ಅಮ್ಮನಿಗೆ ಈಗ ಭುಜದ ನೋವು. ಆದರೂ ತಿರುವಿದ್ದಾರೆ.

ಅರ್ಧವನ್ನು ಅಜ್ಜಿಗೆ ಹಾಗೇ ಕೊಟ್ಟೆ. ಉಳಿದರ್ಧಕ್ಕೆ ಎರಡು ಚಮಚ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕರಗಿಸಿ, ಭಾನುವಾರ ಮಾಡಿದ ಬಿಸ್ಕತ್ತಿನ ನಡುವೆ ತುಂಬಿದೆ. ಬುಧವಾರ ಅಜ್ಜಿ ಮೇಲೆ ಬಂದರು, ಕೈಯಲ್ಲಿ ತಮ್ಮ ತಾಯಿಯ ಕಾಲದ ಪಾಕದ ಪುಸ್ತಕ. ಒಂದು ತಿಂದು, ಇನ್ನೊಂದು ತಿಂದು, ಕನ್ನಡಕ ಏರಿಸಿ ಪೆನ್ನು ಕೇಳಿದರು. ಈ ಹಣ್ಣಿಗೆ ಜರ್ಮನ್‌ನಲ್ಲಿ ಹೆಸರಿದೆ ಎಂದೆ. ಅದು ಗೊತ್ತು, ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದರು.

"ಪೇರಳೆ."

"ಪೇರಲೆ," ಎಂದು ಹೇಳಿಕೊಳ್ಳುತ್ತಾ ಬರೆದರು. ಆಮೇಲೆ ತಲೆಯೆತ್ತಿ, ನಡುವಿನ ಆ ಅಕ್ಷರಕ್ಕೆ ನಾಲಿಗೆಯನ್ನು ಎಲ್ಲಿಡಬೇಕು, ಇನ್ನೊಮ್ಮೆ ತೋರಿಸು ಎಂದರು.