ಅಣ್ಣಾ, ಇದು ಅಲ್ಲಾಡುತ್ತಲ್ಲ?

ಮಂಗಳವಾರ ನಡುರಾತ್ರಿ ದಿಂಬಿನ ಪಕ್ಕ ಟಪ್ ಅಂತ ಬಿತ್ತು. ದೀಪ ಹಾಕಿ ನೋಡಿದರೆ ಫ್ಯಾನಿನ ಬುಡದಲ್ಲಿ ಇನ್ನೊಂದು ಹನಿ ದಪ್ಪಗಾಗುತ್ತಾ ಕೂತಿದೆ. ನೀರು ಇಳಿಯದಂತೆ ತಾರಸಿಗೆ ಅಂಟಿಸಿದ್ದ ಹಳೇ ಡಾಂಬರು ಶೀಟೆಲ್ಲ ಕಿತ್ತು ಹೊಸದು ಹಾಕಿಸಿ ಎರಡು ತಿಂಗಳೂ ಆಗಿಲ್ಲ. ಫ್ಯಾನಿನ ಸ್ವಿಚ್ ಆರಿಸಿ, ಮಂಚ ಎಳೆದು, ಬಕೆಟ್ ಇಟ್ಟು ಕೂತೆ. ಮೇಸ್ತ್ರಿಯನ್ನು ಬೈಯೋಣ ಅಂತ ಮನಸ್ಸಿನಲ್ಲೇ ಶುರು ಮಾಡಿದೆ, ಅಷ್ಟರಲ್ಲಿ ಆ ಹುಡುಗನ ದನಿ ಅಡ್ಡ ಬಂತು: “ಅಣ್ಣಾ, ಇದು ಅಲ್ಲಾಡುತ್ತಲ್ಲ?”

ಮೇಸ್ತ್ರಿ ಜೊತೆ ಬರುತ್ತಿದ್ದವನು. ಕೆಲಸಕ್ಕೆ ಹೊಸಬ, ಇಪ್ಪತ್ತರ ಆಸುಪಾಸು. ಶೀಟು ಹಾಕುವಾಗ, ಬಚ್ಚಲಿನ ಗಾಳಿ ತಾರಸಿಯ ಮೇಲೆ ಬಿಡುವ ವೆಂಟ್ ಪೈಪನ್ನು ಎರಡೇ ಬೆರಳಲ್ಲಿ ಹಿಡಿದು ಆಚೆ ಈಚೆ ಆಡಿಸಿ ಕೇಳಿದ್ದ. ಮೇಸ್ತ್ರಿ ತಲೆಯೆತ್ತದೆ “ಸುತ್ತ ಸಿಲಿಕಾನ್ ಹೊಡಿ, ನಿಲ್ಲುತ್ತೆ” ಅಂದ. ನಾನು ನೀರಿನ ಟ್ಯಾಂಕಿನ ನೆರಳಲ್ಲಿ ನಿಂತಿದ್ದೆ. ಪೈಪು ಅಲ್ಲಾಡಿದ್ದು ನನಗೂ ಕಂಡಿತ್ತು. ಹುಡುಗ ನನ್ನ ಮುಖ ಒಂದು ಸಲ ನೋಡಿದ, ಆಮೇಲೆ ಸಿಲಿಕಾನ್ ಗನ್ ಎತ್ತಿಕೊಂಡ.

ಮೇಸ್ತ್ರಿ ಮೋಸಗಾರನಲ್ಲ, ಅದನ್ನು ಹೇಳಲೇಬೇಕು. ಬಯಲು ಜಾಗದಲ್ಲಿ ಅವನ ಕೈಗೆ ಕುಂದಿಲ್ಲ. ಶೀಟು ಅಂಟಲಿ ಅಂತ ಮೊದಲು ಬಳಿಯುವ ಪ್ರೈಮರ್ ಪೂರ್ತಿ ಒಣಗುವ ತನಕ ಕಾದ. ಒಂದು ಶೀಟಿನ ಮೇಲೆ ಇನ್ನೊಂದು 10 ಸೆಂಟಿಮೀಟರ್ ಕೂರುವಂತೆ ಹಾಸಿದ. ಬೆಂಕಿ ಕೊಡುವಾಗ ಜಾಯಿಂಟಿನ ಉದ್ದಕ್ಕೂ ಡಾಂಬರು ತೆಳ್ಳಗೆ ಜಿನುಗಿ ಹೊರಬಂದದ್ದನ್ನು ನನ್ನನ್ನು ಕರೆದು ತೋರಿಸಿದ: “ಹೀಗೆ ಬಂದರೆ ಅಂಟಿದೆ ಅಂತ ಲೆಕ್ಕ ಸಾರ್.” ಅವಸರ ಮಾಡಿದ್ದೆಲ್ಲ ಪೈಪಿನ ಹತ್ತಿರವೇ. ಪಿವಿಸಿ ಪೈಪಿಗೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದರೆ ಮೆತ್ತಗಾಗಿ ಸೊಟ್ಟಗಾಗುತ್ತೆ ಅನ್ನೋ ಭಯ. ಹಾಗಾಗಿ ಅರೆಬರೆ ಬಿಸಿಯಲ್ಲಿ ಶೀಟನ್ನು ಮೂರು ಇಂಚು ಮೇಲಕ್ಕೆ ಒತ್ತಿ, ಬಾಯಿಗೆ ಸಿಲಿಕಾನ್ ಸುತ್ತಿಸಿದ. ಡಾಂಬರಿನ ಮೇಲೆ ಸಿಲಿಕಾನ್ ಸರಿಯಾಗಿ ಹಿಡಿಯುವುದೇ ಇಲ್ಲ. ಹಿಡಿದಿದ್ದರೂ ಉಳಿಯುತ್ತಿರಲಿಲ್ಲ. ಪಿವಿಸಿ ಬಿಸಿಲಿಗೆ, ಸ್ನಾನದ ಬಿಸಿನೀರಿಗೆ ಬೆಳೆಯುತ್ತೆ, ತಣ್ಣಗಾದರೆ ಕುಗ್ಗುತ್ತೆ. 6 ಮೀಟರ್ ಪೈಪು 20 ಡಿಗ್ರಿ ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತೆ. ಅದರ ನುಣುಪು ಮೈಗೆ ಸಿಮೆಂಟೂ ಅಂಟಲ್ಲ, ಹಾಗಾಗಿ ಸ್ಲ್ಯಾಬಿನ ತೂತಿನಲ್ಲಿ ತುಂಬಿದ ಗಾರೆ ಅದನ್ನು ಹಿಡಿದಿಡಲಾರದು. ಹೆಚ್ಚೂಕಡಿಮೆ ಎರಡು ತಿಂಗಳು ದಿನಾ ಮೇಲೆ ಕೆಳಗೆ ಎಳೆಸಿಕೊಂಡ ಆ ಸಿಲಿಕಾನ್ ಬಳೆ ಏನಾಗಿರಬೇಕು?

ಬುಧವಾರ ಬೆಳಿಗ್ಗೆ ಹತ್ತಿ ನೋಡಿದೆ. ಬಳೆ ಹಾಗೇ ಇತ್ತು, ಬೆಳ್ಳಗೆ, ಅಂದವಾಗಿ. ಉಗುರು ತಾಗಿಸಿದೆ. ಪೈಪಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದಿ, ಪೋಸ್ಟ್‌ಕಾರ್ಡ್ ತೂರುವಷ್ಟು. ಆದರೂ ನಂಬಿಕೆ ಬರಲಿಲ್ಲ. ಫ್ಯಾನು ಇರುವುದು ಅಲ್ಲಿಂದ ಹತ್ತು ಅಡಿ ದೂರ. ಮಳೆನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ ತಗ್ಗಿನಲ್ಲಿ ನೀರು ನಿಲ್ಲಿಸಿದೆ, ಪೈಪಿನ ತನಕ ಏರದಷ್ಟು. ಮಧ್ಯಾಹ್ನದವರೆಗೂ ಕೆಳಗೆ ಒಂದು ಹನಿಯಿಲ್ಲ. ಆಮೇಲೆ ಪೈಪಿನ ಮೈಗೆ ಮಗ್ಗಿನಲ್ಲಿ ಸುರಿಯುತ್ತಾ ಹೋದೆ. ಇಪ್ಪತ್ತು ನಿಮಿಷಕ್ಕೆ ಕೆಳಗಿನಿಂದ ಹೆಂಡತಿ ಕೂಗಿದಳು, “ಬಂತು, ಬಂತು!” ಒಳಗಿಳಿದ ನೀರು ಶೀಟಿನ ಅಡಿಯಲ್ಲೇ ಇಳಿಜಾರು ಹಿಡಿದು ಹೋಗಿ, ವೈರಿನ ಪೈಪಿಗೆ ಬಿದ್ದು ಫ್ಯಾನಿನ ಹತ್ತಿರ ಹೊರಬರುತ್ತಿತ್ತು.

ಗುರುವಾರ ಮೇಸ್ತ್ರಿ ಬಂದ, ಹುಡುಗನೂ ಬಂದ. ಸಂದಿ ನೋಡಿ ಮೇಸ್ತ್ರಿ ವಾದ ಮಾಡಲಿಲ್ಲ, ಅದು ಅವನ ದೊಡ್ಡತನ. “ಅವತ್ತೇ ಈ ಹುಡುಗ ಕೇಳಿದ್ನಲ್ಲ?” ಅಂದೆ. “ಏನು ಕೇಳಿದ್ದ?” ಅಂದ. ನಿಜವಾಗಿಯೂ ಮರೆತಿದ್ದ. ಹುಡುಗನ ಕಡೆ ನೋಡಿದರೆ ಅವನಿಗೂ ನೆನಪಿಲ್ಲ. ಆ ಮಾತು ಉಳಿದಿದ್ದು ನನ್ನೊಬ್ಬನ ಹತ್ತಿರ, ಅದಕ್ಕೆ ಕಾರಣವೂ ಗೊತ್ತು. ಅವತ್ತು ನಾನು ಬಾಯಿ ಬಿಟ್ಟಿದ್ದರೆ ಕೆಲಸ ಇನ್ನೊಂದು ದಿನ ಎಳೆಯುತ್ತಿತ್ತು. ಧೂಳು, ಗ್ಯಾಸಿನ ವಾಸನೆ, ಎಲ್ಲ ಸಾಕಾಗಿತ್ತು. ಮೇಸ್ತ್ರಿಗೆ ಗೊತ್ತಿರುತ್ತೆ ಅಂದುಕೊಳ್ಳುವುದು ಸುಲಭವಿತ್ತು. ಹೋದ ತಿಂಗಳು ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಎರಡು ಲೆಕ್ಕ ಯಾಕೆ ತಾಳೆಯಾಗಲ್ಲ ಅಂತ ಕೇಳಿದಾಗ “ಅದು ಯಾವಾಗಲೂ ಹಾಗೇ, ನೀನು ಮುಂದಿನದು ನೋಡು” ಅಂದಿದ್ದೆ. ಆಮೇಲೆ ಅವಳು ಏನನ್ನೂ ಕೇಳಿಲ್ಲ. ಒಳ್ಳೆ ಹುಡುಗಿ, ಬೇಗ ಕಲಿತಳು ಅಂತ ಎಲ್ಲರ ಹತ್ತಿರ ಹೊಗಳುತ್ತಿದ್ದೆ ಬೇರೆ.

ಶುಕ್ರವಾರ ಸರಿಯಾದ ಕೆಲಸ ಆಯಿತು. ಪೈಪನ್ನು ಮೇಲೆ ಕತ್ತರಿಸಿ, ಅದಕ್ಕಿಂತ ದಪ್ಪನೆಯ ಕಬ್ಬಿಣದ ತೋಳೊಂದನ್ನು, ಅಂದರೆ ಕೊಳವೆಯನ್ನು, ಹೊರಗಿನಿಂದ ಇಳಿಸಿದರು. ಅದರ ಬುಡದಲ್ಲಿ ತಟ್ಟೆಯಂಥ ಅಗಲ ಅಂಚು. ಅದು ಸ್ಲ್ಯಾಬಿಗೆ ಭದ್ರ, ಅದರ ಮೇಲೆ ಶೀಟು ಹಾಸಿ ತೋಳಿನ ಮೈಗೆ 20 ಸೆಂಟಿಮೀಟರ್ ಏರಿಸಿದರು. ಕಬ್ಬಿಣವಾದ್ದರಿಂದ ಮೇಸ್ತ್ರಿ ಈ ಸಲ ಬೆಂಕಿಗೆ ಹೆದರಲಿಲ್ಲ, ಡಾಂಬರು ಜಿನುಗುವ ತನಕ ಕೊಟ್ಟ. ಪ್ಲಾಸ್ಟಿಕ್ ಪೈಪಿನ ಹತ್ತಿರ ಶೀಟು ಹೋಗಲೇ ಇಲ್ಲ. ತೋಳಿನ ಬಾಯಿ ಮುಚ್ಚುವಂತೆ ಪೈಪಿಗೆ ಕೊಡೆಯಂಥ ಒಂದು ಮುಚ್ಚಳ ಹಾಕಿ ಕ್ಲ್ಯಾಂಪಿನಲ್ಲಿ ಬಿಗಿದು, ಕತ್ತರಿಸಿದ ತುಂಡನ್ನು ಕಪ್ಲರ್‌ನಲ್ಲಿ ಮತ್ತೆ ಜೋಡಿಸಿದರು. ಪೈಪು ಏರಿದರೆ ಕೊಡೆಯೂ ಏರುತ್ತೆ, ಇಳಿದರೆ ಇಳಿಯುತ್ತೆ.

ಎಲ್ಲ ಮುಗಿದ ಮೇಲೆ ಹುಡುಗ ಅದೇ ಎರಡು ಬೆರಳಲ್ಲಿ ಪೈಪು ಹಿಡಿದು ಆಡಿಸಿದ. “ಇನ್ನೂ ಅಲ್ಲಾಡುತ್ತಲ್ಲೋ” ಅಂದ ಮೇಸ್ತ್ರಿ. “ಅಲ್ಲಾಡಲಿ ಬಿಡಣ್ಣ” ಅಂದ ಇವನು, ಶೀಟಿನ ಕಡೆ ಬಗ್ಗಿ ನೋಡುತ್ತಾ.

ಇನ್ನೂ ಎರಡು ಪೈಪು ಬಾಕಿ ಇವೆ. ಬಕೆಟ್ ಎತ್ತಿಲ್ಲ.