ನುಗ್ಗೇಹಳ್ಳಿಯ ಅರಳಿಕಟ್ಟೆಯಲ್ಲಿ ಕಿನ್ನರಿ

ಜನಪದ ಉತ್ಸವಗಳ ಆಮಂತ್ರಣ ಪತ್ರಿಕೆಯಲ್ಲಿ ಡೊಳ್ಳುಕುಣಿತ, ವೀರಗಾಸೆ, ಸೋಮನಕುಣಿತ, ಪೂಜಾಕುಣಿತ, ಚಿಟ್ಟಿಮೇಳ ಇವೆಲ್ಲ ದಪ್ಪ ಅಕ್ಷರದಲ್ಲಿ ಬಂದು ಮುಗಿದ ಮೇಲೆ, ಜಾಗ ಉಳಿದಿದ್ದರೆ, ‘ಹಾಗೂ ಕಿನ್ನರಿ ಜೋಗಿಗಳ ಹಾಡುಗಾರಿಕೆ’ ಎಂಬ ಒಂದು ಸಾಲು ಕಾಣಿಸುತ್ತದೆ. ಕಿನ್ನರಿ ಎಂಬ ತಂತಿವಾದ್ಯ ನುಡಿಸುತ್ತ ಊರೂರು ತಿರುಗಿ ಕಥೆ ಹಾಡುವವರು ಈ ಜೋಗಿಗಳು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ನಡೆದ ಉತ್ಸವದ ಪತ್ರಿಕೆಯಲ್ಲಿಯೂ ಅದು ಹಾಗೆಯೇ ಇತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಆ ದಿನ ಕಲಾವಿದರನ್ನು ನೋಡಿಕೊಳ್ಳುವ ಹೊಣೆಯನ್ನು ಒಪ್ಪಿಸಿದ್ದರಿಂದ, ಬೆಳಗಿನ ಬಸ್ಸಿನಲ್ಲಿ ಬಂದಿಳಿದ ಜೋಗಯ್ಯನವರನ್ನೂ ಅವರ ತಮ್ಮನ ಮಗನನ್ನೂ ಎದುರುಗೊಂಡವನು ನಾನೇ. ನಾಗಮಂಗಲದ ಕಡೆಯ ಹಳ್ಳಿಯೊಂದರವರಾದ ಅವರಿಗೆ ಎಪ್ಪತ್ತು ದಾಟಿತ್ತು. ಬಟ್ಟೆಬರೆಯ ಚೀಲವನ್ನು ಹುಡುಗನ ಹೆಗಲಿಗೆ ಹಾಕಿ, ಹಳೆಯ ಪಂಚೆಯಲ್ಲಿ ಸುತ್ತಿದ ಕಿನ್ನರಿಯನ್ನು ಮಾತ್ರ ತಾವೇ ಎದೆಗವಚಿಕೊಂಡು ಇಳಿದರು.

ಕಿನ್ನರಿಯನ್ನು ಹತ್ತಿರದಿಂದ ನೋಡದವರಿಗೆ ಅದರ ರೂಪವನ್ನು ಸ್ವಲ್ಪ ಹೇಳಬೇಕು. ಬಿದಿರಿನ ಒಂದು ದಂಡಿ, ಅದರ ಕೆಳಗೆ ಸಾಲಾಗಿ ಕಟ್ಟಿದ ಮೂರು ಸೋರೆಬುರುಡೆಗಳು, ದಂಡಿಯ ಮೇಲೆ ಜೇನುಮೇಣದಲ್ಲಿ ನಿಲ್ಲಿಸಿದ ಮೆಟ್ಟಿಲುಗಳು, ಅವುಗಳ ಮೇಲೆ ಹಾಯುವ ತಂತಿಗಳು. ಜೋಗಯ್ಯನವರ ವಾದ್ಯದ ತುದಿಗೆ ನವಿಲುಗರಿಯ ಕಟ್ಟೂ ಒಂದೆರಡು ಗೆಜ್ಜೆಗಳೂ ಇದ್ದವು. ಮೇಲಿನ ಬುರುಡೆಯನ್ನು ಎದೆಯ ಕಡೆಗೆ ಒರಗಿಸಿಕೊಂಡು, ಎಡಗೈ ಬೆರಳುಗಳನ್ನು ಮೆಟ್ಟಿಲುಗಳ ಮೇಲೆ ಆಡಿಸುತ್ತ ಬಲಗೈಯಿಂದ ಮೀಟಿದಾಗ ಬರುವ ನಾದ ಬಹಳ ಸಣ್ಣದು. ಅದು ಹತ್ತು ಮಾರು ದೂರಕ್ಕೆ ಸಾಗಬೇಕೆಂದು ಆ ವಾದ್ಯವನ್ನು ಯಾರೂ ಕಟ್ಟಲಿಲ್ಲ. ಮನೆಯ ಜಗುಲಿಯಲ್ಲಿ, ಕಣದ ಅಂಚಿನಲ್ಲಿ, ಕಥೆ ಕೇಳಲು ಸುತ್ತ ಕುಳಿತವರಿಗೆ ಕೇಳಿಸಿದರೆ ಸಾಕು ಎಂಬುದು ಅದರ ಅಳತೆ.

ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಡೊಳ್ಳು, ಹಿಂದೆ ತಮಟೆ ಮತ್ತು ನಗಾರಿ, ನಡುವೆ ಕಾವಿಯ ನಿಲುವಂಗಿ ತೊಟ್ಟು ಪೇಟ ಸುತ್ತಿದ ಜೋಗಯ್ಯನವರು. ನಾನು ಅವರ ಪಕ್ಕದಲ್ಲಿಯೇ, ಕೈಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ನಡೆಯುತ್ತಿದ್ದೆ. ಅವರ ಬೆರಳುಗಳು ತಂತಿಯ ಮೇಲೆ ಓಡಾಡುವುದು ಕಾಣುತ್ತಿತ್ತೇ ಹೊರತು ಒಂದು ಸ್ವರವೂ ನನ್ನ ಕಿವಿಗೆ ಬೀಳಲಿಲ್ಲ. ಡೊಳ್ಳಿನವರ ಮೇಲೆ ನನಗೆ ಯಾವ ದೂರೂ ಇಲ್ಲ; ಬಯಲಿನಲ್ಲಿ ನಡೆಯುತ್ತ ಬಾರಿಸುವುದಕ್ಕೆಂದೇ ಇರುವ ವಾದ್ಯ ಅದು, ಅವರು ಬಾರಿಸಿದ್ದೂ ಸೊಗಸಾಗಿತ್ತು. ಆದರೆ ಕೂತು ಕೇಳಬೇಕಾದ ವಾದ್ಯವನ್ನು ಮೆರವಣಿಗೆಯಲ್ಲಿ ನಡೆಸಿಕೊಂಡು ಹೋಗಿ ‘ಕಿನ್ನರಿಗೂ ಅವಕಾಶ ಕೊಟ್ಟೆವು’ ಎಂದು ವರದಿ ಬರೆಯುವ ಪದ್ಧತಿಯನ್ನು ನಾನು ಒಪ್ಪಲಾರೆ. ಜನ ಮೊಬೈಲು ಹಿಡಿದು ಅವರ ನವಿಲುಗರಿಯ ಚಿತ್ರ ತೆಗೆದುಕೊಂಡರು. ಮೆರವಣಿಗೆಯಲ್ಲಿ ಕಿನ್ನರಿ ಉಳಿಯುವುದು ವೇಷವಾಗಿ ಮಾತ್ರ.

ವೇದಿಕೆಯ ಮೇಲೆ ಸಿಕ್ಕಿದ್ದು ಐದು ನಿಮಿಷ. ಧ್ವನಿವರ್ಧಕವನ್ನು ಬಾಯಿಯ ಮುಂದಿಟ್ಟಿದ್ದರಿಂದ ಹಾಡು ಮಾತ್ರ ಕೇಳಿಸಿತು. ಗಣಪತಿಯನ್ನು, ಶಾರದೆಯನ್ನು, ಚುಂಚನಗಿರಿಯ ಭೈರವನನ್ನು ನೆನೆದು ಮುಗಿಸಿ ಕಥೆಗೆ ಕಾಲಿಡುವ ಹೊತ್ತಿಗೆ ನಿರೂಪಕರು ವಂದನೆ ಹೇಳಿಬಿಟ್ಟರು. ಜೋಗಿಗಳ ಹಾಡಿನಲ್ಲಿ ಸ್ತುತಿ ಬರಿಯ ಹೊಸ್ತಿಲು. ಒಳಮನೆ ಇರುವುದು ಕಥೆಯಲ್ಲಿ. ಕೆಳಗಿಳಿದು ಬಂದ ಜೋಗಯ್ಯನವರು ಸಿಟ್ಟು ಮಾಡಿಕೊಳ್ಳಲಿಲ್ಲ. “ಕತೆ ಒಳೀಕೆ ಹೋಗಾಕೆ ಬುಡಲಿಲ್ವಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿ ಕಿನ್ನರಿಯನ್ನು ಪಂಚೆಯಲ್ಲಿ ಸುತ್ತತೊಡಗಿದರು.

ಊಟದ ಹೊತ್ತಿನಲ್ಲಿ ಉತ್ಸವ ಸಮಿತಿಯ ಹಿರಿಯರೊಬ್ಬರ ಬಳಿ ಹೋಗಿ, ವೇದಿಕೆಯಿಂದ ದೂರವಿರುವ ಅರಳಿಕಟ್ಟೆಯಲ್ಲಿ ಇವರಿಗೆ ಸಂಜೆಯವರೆಗೂ ಬಿಡುವು ಮಾಡಿಕೊಡಬೇಕೆಂದು ಕೇಳಿಕೊಂಡೆ. ಅವರು ಮರುಮಾತಿಲ್ಲದೆ ಒಪ್ಪಿದರು. ಧ್ವನಿವರ್ಧಕದ ಹುಡುಗನೊಬ್ಬ, ಭಾಷಣಕಾರರು ಅಂಗಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕನ್ನು ತಂದು ನಡುವಿನ ಬುರುಡೆಯ ಹತ್ತಿರ ಕಟ್ಟಿದ. ಮೊದಲು ಅದು ಕಿರುಚಿತು, ಪೆಟ್ಟಿಗೆಯನ್ನು ದೂರ ಸರಿಸಿ ಧ್ವನಿಯನ್ನು ತಗ್ಗಿಸಿದ ಮೇಲೆ ಸರಿಹೋಯಿತು. ಆ ಹುಡುಗನ ಹತ್ತು ನಿಮಿಷದ ತಾಳ್ಮೆ ಅಂದು ಕಿನ್ನರಿಗೆ ಮಾಡಿದ ಉಪಕಾರವನ್ನು ವೇದಿಕೆಯ ಯಾವ ಶಾಲು, ಹಾರವೂ ಮಾಡಿರಲಿಲ್ಲ.

ಜೋಗಯ್ಯನವರು ಅರ್ಜುನ ಜೋಗಿಯ ಕಥೆ ಎತ್ತಿಕೊಂಡರು. ಪಾಂಡವರ ನಡುವಿನವನು ಜೋಗಿಯ ವೇಷ ತೊಟ್ಟು, ಕಿನ್ನರಿ ನುಡಿಸುತ್ತ ಹೊರಡುವ ಆ ಕಥೆ ಜೋಗಿಗಳ ಸ್ವಂತ ಆಸ್ತಿ. ಅದನ್ನು ಹಾಡುವಾಗ ಹಾಡುವವನೂ ಕಥೆಯ ನಾಯಕನೂ ಒಂದೇ ವಾದ್ಯವನ್ನು ಹಿಡಿದಿರುತ್ತಾರೆ. ಅಲ್ಲಿಯವರೆಗೆ ಕಿನ್ನರಿಯನ್ನು ಹಾಡಿಗೆ ಜೊತೆಗೊಡುವ ವಾದ್ಯವೆಂದೇ ತರಗತಿಯಲ್ಲಿ ಹೇಳುತ್ತ ಬಂದಿದ್ದ ನನಗೆ ಅದರ ನಿಜವಾದ ಕೆಲಸ ಆ ಮಧ್ಯಾಹ್ನ ಗೊತ್ತಾಯಿತು. ಸಾಲಿನ ಕೊನೆಯಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಉಳಿದ ಮಾತನ್ನು ಕಿನ್ನರಿ ಆಡುತ್ತಿತ್ತು. ದ್ರೌಪದಿಯ ಪ್ರಶ್ನೆಯನ್ನು ಅವರು ಹಾಡಿದರೆ ಅರ್ಜುನನ ತಡವರಿಕೆ ತಂತಿಯಲ್ಲಿ ಬರುತ್ತಿತ್ತು. ತಮ್ಮನ ಮಗ ಸೊಲ್ಲು ಎತ್ತಿಕೊಟ್ಟು ಹೂಂಗುಟ್ಟುತ್ತಿದ್ದ. ಸ್ವಲ್ಪ ಹೊತ್ತಿಗೆ ಕಟ್ಟೆಯ ಕೆಳಗೆ ಕುಳಿತ ಅಜ್ಜಿಯರೂ ಹೂಂಗುಟ್ಟತೊಡಗಿದರು. ಅವರಲ್ಲೊಬ್ಬರು, “ಸುಗ್ಗೀಲಿ ನಮ್ಮ ಕಣಕ್ಕೆ ಬತ್ತಿದ್ರು, ಮೊರದ ತುಂಬ ರಾಗಿ ಕೊಡ್ತಿದ್ವಿ. ಕತೆ ಮುಗಿಯೋಗಂಟ ನಮ್ಮತ್ತೆ ಏಳಾಕೆ ಬುಡ್ತಿರಲಿಲ್ಲ” ಎಂದರು.

ಕಿನ್ನರಿ ಏಕೆ ಮೂಲೆಗೆ ಸರಿಯಿತು ಎಂಬ ಪ್ರಶ್ನೆಗೆ ಈ ಮಾತಿಗಿಂತ ನೇರವಾದ ಉತ್ತರ ನನಗೆ ಎಲ್ಲಿಯೂ ಸಿಕ್ಕಿಲ್ಲ. ಸಿನಿಮಾ, ಟಿ.ವಿ.ಗಳನ್ನು ದೂರುವುದು ನಮಗೆ ರೂಢಿಯಾಗಿದೆ. ಆದರೆ ಜೋಗಿಯ ಅನ್ನ ಇದ್ದದ್ದು ಕಣದಲ್ಲಿ. ಕಥೆಗೆ ಬೇಕಾದ ಬಿಡುವೂ ಕೇಳುವ ಮಂದಿಯೂ ಅಲ್ಲಿಯೇ ಒಟ್ಟಿಗೆ ಸಿಗುತ್ತಿದ್ದವು. ಈಗ ರಾಗಿಯ ತೆನೆಯನ್ನು ಡಾಂಬರು ರಸ್ತೆಗೆ ಹಾಸಿ ವಾಹನಗಳ ಚಕ್ರಕ್ಕೆ ಸಿಕ್ಕಿಸುತ್ತೇವೆ, ಇಲ್ಲವೇ ಯಂತ್ರ ಹೊಲದಲ್ಲಿಯೇ ಒಕ್ಕಣೆ ಮುಗಿಸುತ್ತದೆ. ಕಣ ಹೋದ ಮೇಲೆ ಜೋಗಿ ನಿಲ್ಲಲು ಉಳಿದದ್ದು ಮನೆಯ ಬಾಗಿಲು ಮಾತ್ರ, ಅಲ್ಲಿ ಅವನು ಭಿಕ್ಷುಕನಾಗಿ ಕಂಡ. ಜೋಗಯ್ಯನವರ ಮಗ ಚಾಲಕನ ಕೆಲಸದಲ್ಲಿದ್ದಾನೆ. ಕಿನ್ನರಿಯನ್ನು ‘ತಿರುಪೆ ಎತ್ತೋ ವಾದ್ಯ’ ಎಂದು ಕರೆದು ಮುಟ್ಟುವುದಿಲ್ಲವಂತೆ. ಇದನ್ನು ಹೇಳುವಾಗ ಜೋಗಯ್ಯನವರು ಮಗನ ಪರವಾಗಿಯೇ ಮಾತನಾಡಿದರು, ಮರ್ಯಾದೆಯಿಲ್ಲದ ಕಡೆ ಮಕ್ಕಳು ಏಕೆ ಬರಬೇಕು ಎಂದರು. ಕಣವಿದ್ದ ಜಾಗದಲ್ಲಿ ಇಂದು ನಿಲ್ಲಬಹುದಾದದ್ದು ಉತ್ಸವ ಒಂದೇ ಎಂದು ನಾನು ನಂಬುತ್ತೇನೆ. ಆದರೆ ಅದು ಕಣ ಕೊಡುತ್ತಿದ್ದುದನ್ನೆಲ್ಲ ಕೊಡಬೇಕು: ಕಥೆ ಮುಗಿಯುವಷ್ಟು ಹೊತ್ತು, ಹತ್ತಿರ ಕೂತು ಕೇಳುವವರು, ಎದ್ದು ಹೊರಡುವ ಮುನ್ನ ಕೈಗೆ ಸಿಗುವ ಪ್ರತಿಫಲ. ಸಂಭಾವನೆಗಾಗಿ ತಿಂಗಳುಗಟ್ಟಲೆ ಕಾದ ಕಲಾವಿದರನ್ನು ನಾನು ಬಲ್ಲೆ.

ನುಗ್ಗೇಹಳ್ಳಿಗೂ ಕಿನ್ನರಿಗೂ ಕಾಲದಲ್ಲಿ ಒಂದು ಹತ್ತಿರದ ನಂಟಿದೆ. ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯ 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಕಟ್ಟಿದ್ದು. ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತ ರತ್ನಾಕರದಲ್ಲಿ ಕಿನ್ನರಿಯ ಬಗೆಗಳನ್ನೂ ಅದರ ಮೆಟ್ಟಿಲುಗಳನ್ನು ಮೇಣದಲ್ಲಿ ನಿಲ್ಲಿಸುವ ಕ್ರಮವನ್ನೂ ವಿವರಿಸಿದ್ದಾನೆ. ಅದಕ್ಕೂ ಮುಂಚೆ, 12ನೇ ಶತಮಾನದ ಕಲ್ಯಾಣದಲ್ಲಿ, ತ್ರಿಪುರಾಂತಕನ ಮುಂದೆ ಇದನ್ನು ನುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣನನ್ನು ನಾವು ಕಿನ್ನರಿ ಬೊಮ್ಮಯ್ಯನೆಂದೇ ಕರೆಯುತ್ತೇವೆ. ಇದನ್ನೆಲ್ಲ ಕಟ್ಟೆಯ ಮೇಲೆ ಕೆಲವು ಮಾತುಗಳಲ್ಲಿ ಹೇಳಿದಾಗ ಜೋಗಯ್ಯನವರಿಗಿಂತ ಅವರ ತಮ್ಮನ ಮಗನ ಮುಖದಲ್ಲಿ ಹೆಚ್ಚು ಆಸಕ್ತಿ ಕಂಡಿತು. ಬೊಮ್ಮಯ್ಯನ ಹೆಸರನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡ.

ಕಥೆ ಮುಗಿದ ಮೇಲೆ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಮುಂದೆ ಬಂದು, “ತಾತ, ನಾನೂ ಕಲೀಬೋದಾ?” ಎಂದು ಕೇಳಿದಳು. ಅವರು ಕಿನ್ನರಿಯನ್ನು ಅವಳ ತೊಡೆಯ ಮೇಲಿಟ್ಟು, “ಗಟ್ಟಿಯಾಗಿ ಒತ್ತಬ್ಯಾಡ ಮಗಾ, ಮೆಟ್ಟಿಲು ಮೇಣದಾಗೆ ನಿಂತಿರೋದು” ಎಂದು ಬೆರಳು ಹಿಡಿದು ತೋರಿಸಿದರು. ತೊಡಕು ಕಾಣಿಸಿದ್ದು ಆಗ. ಅವಳು ಕಲಿಯಲು ಎರಡನೆಯ ಕಿನ್ನರಿ ಎಲ್ಲಿದೆ? ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂಥ ಕಡೆ ವಾದ್ಯಗಳು ಜೋಪಾನವಾಗಿವೆ, ಅದಕ್ಕಾಗಿ ನಾಡು ಅವರಿಗೆ ಋಣಿ. ಆದರೆ ಕಲಿಯುವವರಿಗೆ ಬೇಕಾದದ್ದು ಮನೆಗೆ ಒಯ್ದು ಅಭ್ಯಾಸ ಮಾಡುವ ವಾದ್ಯ, ಅದು ಯಾವ ಅಂಗಡಿಯಲ್ಲಿಯೂ ಸಿಗದು. “ಬುರುಡೆ ತಂದ್ಕೊಡಿ ಮೇಷ್ಟ್ರೇ, ಕಿನ್ನರಿ ನಾನು ಮಾಡ್ಕೊಡ್ತೀನಿ” ಎಂದರು ಜೋಗಯ್ಯನವರು.

ಬುರುಡೆಯೇ ಕಷ್ಟ. ಸಂತೆಗೆ ಬರುವ ಉದ್ದನೆಯ ಎಳೆ ಸೋರೆ ಇದಕ್ಕೆ ಆಗದು. ದುಂಡಗಿನ, ಸಿಪ್ಪೆ ದಪ್ಪವಾಗುವ ನಾಟಿ ತಳಿ ಬೇಕು. ಕಾಯಿಯನ್ನು ಕೊಯ್ಯದೆ ಬಳ್ಳಿಯಲ್ಲಿಯೇ ಬಲಿಯಲು ಬಿಡಬೇಕು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು, ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನಬೇಕು. ಆಮೇಲೆ ತೂತು ಕೊರೆದು, ನೀರು ತುಂಬಿ ನೆನೆಸಿ ತಿರುಳು ತೆಗೆಯಬೇಕು. ಒಂದು ಕಿನ್ನರಿಗೆ ಒಂದಕ್ಕೊಂದು ಹೊಂದುವ ಮೂರು ಬುರುಡೆ ಸಿಗಬೇಕಾದರೆ ಹಲವು ಬಳ್ಳಿಗಳೇ ಬೇಕು. ಮೆಟ್ಟಿಲಿಗೆ ಶಾರ್ಙ್ಗದೇವ ಹೇಳುವ ರಣಹದ್ದಿನ ಮೂಳೆಯನ್ನು ಇಂದು ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಆ ಹಕ್ಕಿಯೇ ಅಳಿವಿನ ಅಂಚಿನಲ್ಲಿದೆ. ಲೋಹದ ಮೆಟ್ಟಿಲನ್ನೂ ಅದೇ ಗ್ರಂಥ ಒಪ್ಪುತ್ತದೆಯಾದ್ದರಿಂದ ಹಿತ್ತಾಳೆ ಬಳಸಿದರೆ ಯಾವ ಅಪಚಾರವೂ ಇಲ್ಲ.

ರಾಜಸ್ಥಾನದ ಜೋಧಪುರದ ಮೆಹರಾನಗಡ ಕೋಟೆಯಲ್ಲಿ 2007ರಿಂದ ನಡೆಯುತ್ತಿರುವ ಜನಪದ ಸಂಗೀತೋತ್ಸವದಲ್ಲಿ ಬೆಳಗಿನ ಜಾವದ ಕಛೇರಿಗಳನ್ನು ಕೋಟೆಯ ಸಮೀಪದ ಜಸವಂತ ಥಡಾ ಎಂಬ ಸ್ಮಾರಕದ ಬಳಿ ಬೇರೆಯಾಗಿ ಏರ್ಪಡಿಸುತ್ತಾರೆ. ಅಲ್ಲಿಯ ಮರುಭೂಮಿಯ ಹಾಡುಗಾರರಾದ ಮಾಂಗಣಿಯಾರರು ಕಮಾನಿನಿಂದ ನುಡಿಸುವ ಕಮಾಯಚಾದಂಥ ವಾದ್ಯಗಳಿಗೆ ಆ ನಾಡಿನ ಆಚೆಯೂ ಕೇಳುಗರು ದೊರೆತಿರುವುದರಲ್ಲಿ ಇಂಥ ಏರ್ಪಾಡಿನ ಪಾಲು ಇದೆ. ನಮ್ಮ ಉತ್ಸವಕ್ಕೆ ಅಷ್ಟು ಹಣ ಬೇಡ, ಕೋಟೆಯೂ ಬೇಡ. ವಾದ್ಯಕ್ಕೆ ಒಪ್ಪುವ ಹೊತ್ತನ್ನೂ ಜಾಗವನ್ನೂ ಆರಿಸುವ ಮನಸ್ಸು ಇದ್ದರೆ ಅರಳಿಕಟ್ಟೆ ಸಾಕಾಗುತ್ತದೆ.

ಸಂಜೆ ಸಮಿತಿಯ ಹಿರಿಯರೊಡನೆ ಕುಳಿತು ಮುಂದಿನ ಉತ್ಸವಕ್ಕೆ ಕೆಲವು ಮಾತು ಬರೆದುಕೊಟ್ಟೆ. ಕಿನ್ನರಿಯನ್ನು ಮೆರವಣಿಗೆಯಿಂದ ಬಿಡುವುದು, ರಾತ್ರಿಯ ಊಟದ ನಂತರ ಬೇರೆ ಯಾವ ಕಾರ್ಯಕ್ರಮವೂ ಇಲ್ಲದ ಹೊತ್ತಿನಲ್ಲಿ ಒಂದು ಇಡೀ ಕಥೆಗೆ ಅವಕಾಶ ಕೊಡುವುದು, ಸಂಭಾವನೆಯನ್ನು ಅಂದೇ ಅವರ ಕೈಗಿಡುವುದು, ಉತ್ಸವದ ಖರ್ಚಿನಲ್ಲಿ ಮೊದಲು ಎರಡು ಹೊಸ ಕಿನ್ನರಿಗಳನ್ನು ಮಾಡಿಸುವುದು. ಅವರು ಎಲ್ಲಕ್ಕೂ ಒಪ್ಪಿ, ಮೆರವಣಿಗೆಯ ವಿಷಯವನ್ನು ಮಾತ್ರ ಸಭೆಯಲ್ಲಿ ಇಡಬೇಕು ಎಂದರು. ಕಥೆ ಕೇಳಿದ ಅಜ್ಜಿಯೊಬ್ಬರು ತಮ್ಮ ಅಟ್ಟದಲ್ಲಿದ್ದ ಒಣಗಿದ ಸೋರೆಯೊಂದನ್ನು ಒಡೆದು ಬೀಜ ಕೊಟ್ಟರು. ಮುಂಗಾರು ಹಿಡಿದ ಮೇಲೆ ಅವನ್ನು ಕಾಲೇಜಿನ ಹಿತ್ತಿಲಲ್ಲಿಯೂ ಆ ಹುಡುಗಿಯ ಮನೆಯ ಬೇಲಿಯ ಮೇಲೆಯೂ ಹಬ್ಬಿಸಿದ್ದೇವೆ. ಅವಳು ಬಿಡುವಿನ ದಿನಗಳಲ್ಲಿ ಜೋಗಯ್ಯನವರ ಊರಿಗೆ ಹೋಗಿ, ಅವರದೇ ವಾದ್ಯದ ಮೇಲೆ ಕೈ ಕೂರಿಸಿಕೊಳ್ಳುತ್ತ ಅರ್ಜುನ ಜೋಗಿಯ ಮೊದಲ ಭಾಗವನ್ನು ಬಾಯಿಪಾಠ ಮಾಡುತ್ತಿದ್ದಾಳೆ.