ಐದಕ್ಕೆ ಎಷ್ಟು?

ಚಿಗವ್ವನ ಕೀಮೋ ಮುಗೀತು ಅನ್ನೋವಾಗ ಕೈಗೆ ಫೀಡ್‌ಬ್ಯಾಕ್ ಫಾರಂ ಬಂತು. ನರ್ಸಿಂಗ್ ಸೇವೆಗೆ ಐದರಲ್ಲಿ ಎಷ್ಟು? ನಗುಮುಖದಿಂದ ಮಾತಾಡಿಸಿದರೇ? ಬಿಲ್ಲಿನ ಗಡಿಬಿಡಿಯಲ್ಲಿ ಎಲ್ಲರೂ ಐದಕ್ಕೇ ಟಿಕ್ ಹಾಕ್ತಿದ್ದರು.

ನಾನು ನೋಡಿದ್ದನ್ನು ಬರೆಯೋಕೆ ಅದರಲ್ಲಿ ಜಾಗವಿರಲಿಲ್ಲ. ಡಾಕ್ಸೋರುಬಿಸಿನ್ ಅನ್ನೋ ಕೆಂಪು ಔಷಧ ರಕ್ತನಾಳದಿಂದ ಆಚೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಕೊಳೆತುಬಿಡಬಹುದು. ಸಿಸ್ಟರ್ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತಾ ನೋಡಿದರು, ಸ್ವಲ್ಪ ಔಷಧ ಬಿಟ್ಟರು, ಮತ್ತೆ ನೋಡಿದರು. “ಉರಿ ಅನಿಸಿದ್ರೆ ತಕ್ಷಣ ಹೇಳಿ ಅಮ್ಮಾ, ತಡ್ಕೋಬೇಡಿ.” ನೋವು ಹತ್ತರಲ್ಲಿ ಎಷ್ಟು ಅಂದರೆ ಚಿಗವ್ವ, “ಏನಿಲ್ಲ ಬಿಡವಾ.” “ರಾತ್ರಿ ನಿದ್ದೆ ಬರುತ್ತಾ? ರೊಟ್ಟಿ ಬಡಿಯೋಕೆ ಆಗುತ್ತಾ?” ಅಂತ ಕೇಳಿದ ಮೇಲೆ ಏಳು ಅಂತ ದಾಖಲಾಯಿತು. ಮಾತ್ರೆ ಕೊಟ್ಟು ಹೋದವರು ತಿರುಗಿ ಬಂದು ಈಗ ಎಷ್ಟು ಅಂತಲೂ ಕೇಳಿದರು. ಹಾಗೆ ತಿರುಗಿ ಬಂದು ಕೇಳೋದೇ ನನ್ನ ಪ್ರಕಾರ ದೊಡ್ಡ ಅಳತೆ.

ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಿ ಅಂತ ಅವೆಡಿಸ್ ಡೊನಬೇಡಿಯನ್ ಅನ್ನೋ ವೈದ್ಯ-ಸಂಶೋಧಕರು 1966ರಲ್ಲೇ ಬರೆದಿದ್ದರು: ಸೌಕರ್ಯ ಏನಿದೆ, ಕೆಲಸ ಹೇಗೆ ನಡೀತಿದೆ, ರೋಗಿಗೆ ಕೊನೆಗೆ ಏನಾಯಿತು. ಬಿದ್ದವರೆಷ್ಟು, ಮಲಗಿ ಹುಣ್ಣಾದವರೆಷ್ಟು ಅನ್ನೋ ಲೆಕ್ಕ ಸುಲಭ. ಕೀಮೋದಿಂದ ಬಿಳಿ ರಕ್ತಕಣ ಕುಸಿದವರು ಜ್ವರ ಅಂತ ಬಂದರೆ 60 ನಿಮಿಷದೊಳಗೆ ಆ್ಯಂಟಿಬಯೋಟಿಕ್ ಹೋಯಿತೇ ಅನ್ನೋದನ್ನೂ ಗಡಿಯಾರ ನೋಡಿ ಹೇಳಬಹುದು. ಆದರೆ ಔಷಧ ಸೋರದಂತೆ ಕಾದವರ ಕೆಲಸ ರಿಜಿಸ್ಟರಿನಲ್ಲಿ ಬರೀ ಸೊನ್ನೆ.

ಅಂದಹಾಗೆ, ಒಬ್ಬ ಸಿಸ್ಟರಿಗೆ ಎಷ್ಟು ರೋಗಿಗಳಿದ್ದರು ಅಂತ ಕೇಳೋ ಫಾರಂ ಯಾರಾದರೂ ನೋಡಿದ್ದೀರಾ?